ಸ್ಕೋರ್ ಕಾರ್ಡ್ ಬರೆಯದೆ ಆಡಿದರೆ ಅದು ಗಾಲ್ಫ್ ಅಲ್ವಾ? ಹತ್ತೊಂಬತ್ತು ವರ್ಷದಿಂದ ಜೊತೆಗಿರೋ ಗೆಳೆಯ ಮುನಿಸಿಕೊಂಡಿದ್ದಾನೆ

ಇಬ್ಬನಿ ಗೆರೆ

ಎಲ್ಲರಿಗೂ ನಮಸ್ಕಾರ. ನಾನು 1998ರಿಂದ ಗಾಲ್ಫ್ ಆಡ್ತಿದ್ದೀನಿ. ಬ್ಯಾಂಕಿನಲ್ಲಿ ಕೆಲಸ ಮಾಡ್ಕೊಂಡು ಶನಿವಾರ, ಭಾನುವಾರ ಆಡಿದ ಹವ್ಯಾಸಿ. ಒಂದು ಕಾಲಕ್ಕೆ ಹ್ಯಾಂಡಿಕ್ಯಾಪ್ (ಆಟಗಾರನಿಗೆ ಸಿಗೋ ರಿಯಾಯಿತಿ ಹೊಡೆತ, ಕಮ್ಮಿ ಇದ್ದಷ್ಟೂ ಒಳ್ಳೆಯ ಆಟ) 9ಕ್ಕೆ ಇಳಿದಿತ್ತು, ಈಗ 17. ಮೂರು ವರ್ಷದ ಹಿಂದೆ ನಿವೃತ್ತಿಯಾಯ್ತು.

ನಮ್ಮದೊಂದು ಫೋರ್‌ಬಾಲ್ ಇದೆ. ಹತ್ತೊಂಬತ್ತು ವರ್ಷದಿಂದ ಅದೇ ನಾಲ್ಕು ಜನ, ಆಟ ಶುರು ಮಾಡೋಕೆ ಅದೇ ಬೆಳಗಿನ ಟೀ ಟೈಮ್. ಮಕ್ಕಳ ಮದುವೆ, ಅಪ್ಪ ಅಮ್ಮನ ಸಾವು, ವರ್ಗಾವಣೆ ಎಲ್ಲದರ ನಡುವೆಯೂ, ನನ್ನ ಮಂಡಿ ಆಪರೇಷನ್ ಕಾಲ ಬಿಟ್ಟರೆ, ಅದು ತಪ್ಪಿರಲಿಲ್ಲ. ಈಗ ಮೂರು ವಾರದಿಂದ ತಪ್ಪಿದೆ. ಕಾರಣ ನಾನು.

ಎರಡು ವರ್ಷದ ಹಿಂದೆ ಎಡ ಮಂಡಿಯ ಆಪರೇಷನ್ ಆಯ್ತು. ಎಂಟು ತಿಂಗಳು ಗಾಲ್ಫ್ ಕೋಲು ಮುಟ್ಟಲಿಲ್ಲ. ಆಮೇಲೆ ಡಾಕ್ಟರು ಒಂಬತ್ತು ಹೋಲ್ ಮಾತ್ರ ಆಡಿ ಅಂದ್ರು. ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂ ಕಾಲು, ನಮಗಿಂತ ಮುಂಚೆ ಯಾರೂ ಹೋಗಿರಲಿಲ್ಲ. ಹೇಗೂ ಚೆನ್ನಾಗಿ ಆಡಲ್ಲ ಅಂತ ಕಾರ್ಡ್ ತಗೊಂಡೇ ಇರಲಿಲ್ಲ. ಮೂರನೇ ಗ್ರೀನ್‌ನಲ್ಲಿ, ಅಂದ್ರೆ ಕುಳಿ ಸುತ್ತಲಿನ ಗಿಡ್ಡ ಹುಲ್ಲಿನ ಜಾಗದಲ್ಲಿ, ಇಪ್ಪತ್ತಡಿ ದೂರದಿಂದ ಚೆಂಡನ್ನ ಉರುಳಿಸಿ ಪಟ್ ಮಾಡಿದೆ. ಇಬ್ಬನಿ ದಪ್ಪಗೆ ಕೂತಿತ್ತು. ಚೆಂಡು ಹೋದ ದಾರಿಯುದ್ದಕ್ಕೂ ಹುಲ್ಲಿನ ಮೇಲೆ ಒಂದು ಕಡುಹಸಿರು ಗೆರೆ. ಮೊದಲು ನೇರ, ಆಮೇಲೆ ಮೆಲ್ಲಗೆ ಎಡಕ್ಕೆ, ಕೊನೆಯ ಎರಡಡಿಯಲ್ಲಿ ಕುಡುಗೋಲಿನ ಹಾಗೆ ಬಾಗಿ ಕುಳಿಯ ಅಂಚಲ್ಲಿ ನಿಂತಿತ್ತು. ನಾನು ನಿಂತು ಆ ಗೆರೆಯನ್ನೇ ನೋಡಿದೆ. ಅದೇ ಗ್ರೀನ್‌ನಲ್ಲಿ ಸಾವಿರ ಸಲವಾದರೂ ಪಟ್ ಮಾಡಿದ್ದೀನಿ, ಆ ಇಳಿಜಾರನ್ನು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಪಟ್ ತಪ್ಪಿದ ಕ್ಷಣದಲ್ಲಿ ತಲೆಯೊಳಗೆ ಲೆಕ್ಕ ಶುರುವಾಗ್ತಿತ್ತು: ಐದಾಯ್ತು, ಎರಡು ಓವರ್, ಮುಂದಿನದ್ದು ಪಾರ್ (ಆ ಹೋಲ್‌ಗೆ ಗೊತ್ತುಮಾಡಿದ ಹೊಡೆತ) ಬೇಕು.

ಅವತ್ತಿನಿಂದ ಕಾರ್ಡ್ ಬರೆಯೋದು ಬಿಟ್ಟೆ. ಮೊದಲು ಬುಧವಾರದ ಆಟಕ್ಕೆ ಮಾತ್ರ, ಈಗ ಶನಿವಾರವೂ. ನನ್ನ ಗೆಳೆಯನಿಗೆ ಅದು ಸಹಿಸಲಾಗಲಿಲ್ಲ. "ಲೆಕ್ಕ ಬೇಡ ಅಂದ್ರೆ ಲಾಲ್‌ಬಾಗಿಗೆ ವಾಕಿಂಗ್ ಹೋಗು, ನನ್ನ ಜೊತೆ ಯಾಕೆ ಬರ್ತೀಯ" ಅಂದ. ಇವನು ನಾನು ಆಸ್ಪತ್ರೆಯಲ್ಲಿದ್ದಾಗ ದಿನಾ ಸಂಜೆ ಫ್ಲಾಸ್ಕಲ್ಲಿ ಕಾಫಿ ತಂದವನು.

ಆಡುವವರು ಹೇಳಿ. ನಾನು ಮಾಡ್ತಿರೋದು ತಪ್ಪಾ?

ಹದಿನಾಲ್ಕು ಕೋಲು

ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ತಪ್ಪು. ಕಾರ್ಡ್ ಇಲ್ಲದೆ ಗಾಲ್ಫ್ ಇಲ್ಲ. ಟೆನಿಸ್‌ನಲ್ಲಿ ಎದುರಾಳಿ ಇರ್ತಾನೆ, ಕ್ರಿಕೆಟ್‌ನಲ್ಲಿ ಅಂಪೈರ್ ಇರ್ತಾನೆ. ಇಲ್ಲಿ ಎದುರಾಳಿಯೂ ನೀವೇ, ಅಂಪೈರೂ ನೀವೇ. ಕಾರ್ಡ್ ಒಂದೇ ಸಾಕ್ಷಿ. ಅದನ್ನೂ ತೆಗೆದರೆ ಉಳಿಯೋದೇನು?

ಹ್ಯಾಂಡಿಕ್ಯಾಪ್ ಪ್ರಶ್ನೆಯೂ ಇದೆ. 2020ರಲ್ಲಿ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಬಂದ ಮೇಲೆ ಕೊನೆಯ 20 ಸುತ್ತಿನಲ್ಲಿ ಒಳ್ಳೆಯ 8ರ ಸರಾಸರಿ ತಗೋತಾರೆ. ನೀವು ಕಾರ್ಡೇ ಕೊಡದಿದ್ರೆ ಆ 17 ಹಳಸಲು ಸಂಖ್ಯೆ. ನಾಳೆ ಟೂರ್ನಮೆಂಟ್‌ಗೆ ಬಂದ್ರೆ ಜೊತೆಯಲ್ಲಿ ಆಡುವವರಿಗೆ ಅನ್ಯಾಯ.

ಜಯನಗರದವನು

ಸರ್ ಟೂರ್ನಮೆಂಟ್ ಆಡ್ತೀನಿ ಅಂತ ಎಲ್ಲಿ ಹೇಳಿದ್ರು? ಬೆಳಿಗ್ಗೆ ಗೆಳೆಯರ ಜೊತೆ ಆಡೋದಕ್ಕೂ ಸಾಕ್ಷಿ ಬೇಕಾ?

ಹದಿನಾಲ್ಕು ಕೋಲು

ಬೇಕು. ಗೆಳೆಯರ ಜೊತೆಗೇ ಹೆಚ್ಚು ಬೇಕು.

ಹೊಸಬಳು

ನಾನು ಆಡೋಕೆ ಶುರು ಮಾಡಿ ಐದು ತಿಂಗಳು. ಆಫೀಸ್ ಮುಗಿಸಿ ವಾರಕ್ಕೆರಡು ಸಂಜೆ ಹೊಡೆತ ಅಭ್ಯಾಸ ಮಾಡೋಕೆ ಡ್ರೈವಿಂಗ್ ರೇಂಜ್‌ಗೆ ಹೋಗ್ತೀನಿ. ಪೋಸ್ಟ್ ಓದಿ ಕಣ್ಣಲ್ಲಿ ನೀರು ಬಂತು. ಯಾಕಂದ್ರೆ ಹೋದ ತಿಂಗಳು ಮೊದಲ ಸಲ 18 ಹೋಲ್ ಆಡಿದೆ, 134 ಹೊಡೆತ. ಜೊತೆಗಿದ್ದ ಅಂಕಲ್ ಒಬ್ಬರು ಪ್ರತಿ ಹೋಲ್ ಮುಗಿದ ಮೇಲೂ ಜೋರಾಗಿ ನನ್ನ ಸಂಖ್ಯೆ ಹೇಳಿ ಬರೆಯೋರು. ಹತ್ತನೇ ಹೋಲ್ ಹೊತ್ತಿಗೆ ಮನೆಗೆ ಹೋದ್ರೆ ಸಾಕು ಅನ್ನಿಸಿತ್ತು. ಆದ್ರೆ ಹದಿನಾಲ್ಕರಲ್ಲಿ 7 ಐರನ್ ಕೋಲಿನ ಒಂದು ಹೊಡೆತ ಸರಿಯಾಗಿ ಸಿಕ್ತು. ಕೈಗೆ ಏನೂ ತಾಗಿದ ಹಾಗೇ ಇರಲಿಲ್ಲ, ಚೆಂಡು ಮಾತ್ರ ಮರದ ಎತ್ತರಕ್ಕೆ ಹೋಯ್ತು. ರಾತ್ರಿ ಮಲಗುವಾಗ ಆ 134 ನೆನಪಿರಲಿಲ್ಲ, ಆ ಒಂದು ಹೊಡೆತ ಇತ್ತು.

ಹೊಸಬರು ಕಾರ್ಡ್ ಬರೀಲೇಬೇಕಾ? ಅದು ಗೊತ್ತಾದ್ರೆ ಸಾಕು.

ಮಲ್ಲೇಶ್ವರಂ ಮಾಮ

ಬೇಡಮ್ಮ. ಮೊದಲ ವರ್ಷ ಬರೀಬೇಡ. ಇನ್ನೊಂದು ಮಾತು, ಮುಂದಿನ ಟೀಯಿಂದ ಆಡು, ಅಂದ್ರೆ ಮೊದಲ ಹೊಡೆತ ಕುಳಿಗೆ ಹತ್ತಿರ ಇರೋ ಗುರುತಿನಿಂದ. ಹೊಸಬರಷ್ಟೇ ಅಲ್ಲ, ನಮ್ಮೂರಲ್ಲಿ ಅರ್ಧಕ್ಕರ್ಧ ಗಂಡಸರು ತಮ್ಮ ಶಕ್ತಿಗೆ ಮೀರಿದ ಟೀಯಲ್ಲಿ ನಿಂತು ಡ್ರೈವರ್ (ದೂರ ಹೊಡೆಯೋ ಕೋಲು) ಬೀಸಿ ಸೊಂಟ ಉಳುಕಿಸ್ಕೊಳ್ತಾರೆ. ಎರಡನೇ ಹೊಡೆತದಲ್ಲಿ ಕೈಗೆ ಐರನ್ ಬರಬೇಕು, ಆಗ ಆಟ ರುಚಿಸುತ್ತೆ. ಪ್ರತಿ ಪಾರ್ 4ರಲ್ಲೂ ಡ್ರೈವರ್, 3 ವುಡ್, ಆಮೇಲೆ ಚಿಪ್ ಅಂದ್ರೆ ಅದೇನು ಆಟ? ಎಪ್ಪತ್ತು ದಾಟಿದ ಮೇಲೆ ನಾನು ಮುಂದೆ ಇರೋ ಕೆಂಪು ಟೀಯಿಂದ ಆಡ್ತಿದ್ದೀನಿ. ಮೂವತ್ತು ವರ್ಷ ಮುಟ್ಟದೇ ಇದ್ದ 9 ಐರನ್ ಈಗ ದಿನಾ ಚೀಲದಿಂದ ಹೊರಗೆ ಬರುತ್ತೆ.

ನಿಯಮದ ಪುಸ್ತಕ

ಇಬ್ಬನಿಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಪಟ್ ಮಾಡುವ ದಾರಿಯಲ್ಲಿರುವ ಇಬ್ಬನಿಯನ್ನು ಕೈಯಿಂದಾಗಲಿ ಟವೆಲ್‌ನಿಂದಾಗಲಿ ಒರೆಸೋ ಹಾಗಿಲ್ಲ, ಪೆನಾಲ್ಟಿ ಬೀಳುತ್ತೆ. ಟೀ ಜಾಗದಲ್ಲಿ ಮಾತ್ರ ಒರೆಸಬಹುದು. ಆದ್ರೆ ಮೊದಲು ಪಟ್ ಮಾಡಿದವರ ಚೆಂಡು ಎಳೆದ ಗೆರೆ ನೋಡಿ ಇಳಿಜಾರು ತಿಳ್ಕೊಳ್ಳೋದು ತಪ್ಪಲ್ಲ. ಬೆಳಗಿನ ಆಟದಲ್ಲಿ ಎರಡನೆಯವನಿಗೆ ಸಿಗುವ ಲಾಭ ಅದು.

ಹೊಸಬಳು ಅವರಿಗೆ: ಮನಸ್ಸಿಗೆ ಬಂದ ಹಾಗೆ ಆಡಿ. ಆದ್ರೆ ಕಳೆದ ಚೆಂಡು ಹುಡುಕೋಕೆ 5 ನಿಮಿಷಕ್ಕಿಂತ ಹೆಚ್ಚು ತಗೋಬೇಡಿ, ಹಿಂದಿನವರು ಕಾಯ್ತಿರ್ತಾರೆ.

ಹದಿನಾಲ್ಕು ಕೋಲು

5 ಅಲ್ಲ, 3 ನಿಮಿಷ. 2019ರಲ್ಲಿ ಬದಲಾಯ್ತು.

ನಿಯಮದ ಪುಸ್ತಕ

ಹೌದು, 3 ನಿಮಿಷ. ಹಳೇ ಅಭ್ಯಾಸದಲ್ಲಿ ಬರೆದೆ. ತಿದ್ದಿದ್ದಕ್ಕೆ ಧನ್ಯವಾದ.

ಚಲ್ಲಘಟ್ಟದ ಹುಡುಗ

ನಾನು ಹದಿಮೂರು ವರ್ಷ ಕ್ಯಾಡಿ ಆಗಿದ್ದೆ, ಆಟಗಾರರ ಚೀಲ ಹೊರೋನು. ಈಗ ಸ್ವಂತ ಗಾಡಿ ಓಡಿಸ್ತೀನಿ. ಈ ಚರ್ಚೆಯಲ್ಲಿ ನಮ್ಮ ಕಡೆಯಿಂದ ಯಾರೂ ಮಾತಾಡಿಲ್ಲ, ಅದಕ್ಕೆ ಬರೀತಿದ್ದೀನಿ.

ಸಾಹೇಬರು ಕಾರ್ಡ್ ಬರೆದ್ರೂ ಬರೀದಿದ್ರೂ ಎಷ್ಟು ಹೊಡೆದ್ರು ಅಂತ ಕ್ಯಾಡಿಗೆ ಗೊತ್ತಿರುತ್ತೆ. ಉದ್ದ ಹುಲ್ಲಿನ ರಫ್‌ನಲ್ಲಿ ಚೆಂಡನ್ನು ಕಾಲಲ್ಲಿ ಯಾರು ಸರಿಸ್ತಾರೆ, ಯಾರು ಸರಿಸಲ್ಲ, ಅದೂ ಗೊತ್ತಿರುತ್ತೆ. ನಾವು ಹೇಳಲ್ಲ ಅಷ್ಟೇ. ಹದಿಮೂರು ವರ್ಷದಲ್ಲಿ ನಾನು ನೋಡಿದ್ದು, ಕಾರ್ಡ್ ತಲೆಗೇರಿದವರೇ ಹೆಚ್ಚು ಸರಿಸೋರು. 82 ಬರೀಬೇಕು ಅಂತ ಹಟ ಇದ್ದವರಿಗೆ ಕಾಲು ತಾನಾಗೇ ಹೋಗುತ್ತೆ.

ಪಟ್ ಬಗ್ಗೆ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗಲಿ. ಇಳಿಜಾರು ಒಂದೇ ನೋಡಬೇಡಿ, ಹುಲ್ಲು ಯಾವ ಕಡೆ ಮಲಗಿದೆ ನೋಡಿ. ಚೆಂಡಿನ ಹಿಂದೆ ನಿಂತಾಗ ಹುಲ್ಲು ಮಿಂಚಿದ ಹಾಗೆ ಕಂಡ್ರೆ ಅದು ನಿಮ್ಮಿಂದ ಆಚೆಗೆ ಮಲಗಿದೆ, ಚೆಂಡು ಓಡುತ್ತೆ. ಕಪ್ಪಗೆ ಕಂಡ್ರೆ ನಿಮ್ಮ ಕಡೆ ಮುಖ ಮಾಡಿದೆ, ಇನ್ನೊಂದು ಸ್ವಲ್ಪ ಜೋರಾಗಿ ಹೊಡೀರಿ. ಅನುಮಾನ ಬಂದ್ರೆ ಕುಳಿಯ ಅಂಚು ನೋಡಿ. ಒಂದು ಬದಿ ಚೂಪಾಗಿ ಕತ್ತರಿಸಿದ ಹಾಗಿರುತ್ತೆ, ಇನ್ನೊಂದು ಬದಿ ಹರಿದ ಹಾಗಿರುತ್ತೆ. ಹರಿದಿರೋ ಕಡೆಗೆ ಹುಲ್ಲು ಮಲಗಿದೆ ಅಂತ ಅರ್ಥ. ನಮಗೆ ಇದನ್ನ ಯಾರೂ ಕೂರಿಸಿ ಹೇಳ್ಕೊಟ್ಟಿದ್ದಲ್ಲ. ಚೀಲ ಹೊತ್ತು ನಿಂತು ನೋಡಿ ಕಲಿತಿದ್ದು.

ನಮ್ಮ ಮುನಿಯಪ್ಪ ಅಣ್ಣನೂ ಹಾಗೇ ಕ್ಯಾಡಿಯಾಗಿದ್ದು ಕಲಿತವರೇ. 2009ರಲ್ಲಿ ಇಂಡಿಯನ್ ಓಪನ್, ಸಮ ಆದಾಗ ಆಡೋ ಪ್ಲೇ ಆಫ್‌ನಲ್ಲಿ ಗೆದ್ದಾಗ ನಮ್ಮ ಕ್ಯಾಡಿ ಶೆಡ್‌ನಲ್ಲಿ ಒಬ್ಬರೂ ಕೂತಿರಲಿಲ್ಲ, ಎಲ್ರೂ ಕುಣೀತಿದ್ವಿ.

ಬಿಡದಿ ಕಡೆಯವ

ಚಿಕ್ಕರಂಗಪ್ಪನ್ನ ಮರೀಬೇಡಿ ಅಣ್ಣ. ನಮ್ಮ ಕಡೆ ಹಳ್ಳಿ ಹುಡುಗ. ಪಕ್ಕದಲ್ಲಿ ಕೋರ್ಸ್ ಬಂತು ಅಂತ ಆಟಕ್ಕೆ ಬಂದವನು, ದೇಶದ ದೊಡ್ಡ ದೊಡ್ಡ ಟೂರ್ನಮೆಂಟ್ ಗೆದ್ದ. ಗಾಲ್ಫ್ ಅಂದ್ರೆ ಬರೀ ಕ್ಲಬ್ ಮೆಂಬರ್‌ಗಳ ಆಟ ಅನ್ನೋರಿಗೆ ನಾನು ಅವನ ಹೆಸರು ಹೇಳ್ತೀನಿ.

ಕೆರೆ ಕಾವಲು

ನಾನು ಆಡಲ್ಲ, ಆದ್ರೂ ಕೇಳ್ತೀನಿ. ನೀವೆಲ್ಲ ಇಬ್ಬನಿ, ಹುಲ್ಲು ಅಂತ ಸೊಗಸಾಗಿ ಬರೀತಿದ್ದೀರಿ. ಆ ಹುಲ್ಲಿಗೆ ನೀರು ಎಲ್ಲಿಂದ? 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿ ಹೋಗಿ, ನಾನು ಬಿಂದಿಗೆ ಹಿಡ್ಕೊಂಡು ಟ್ಯಾಂಕರ್ ಮುಂದೆ ನಿಂತಿದ್ದೆ. ಒಬ್ಬರ ಹೆಸರಲ್ಲೇ ಚಲ್ಲಘಟ್ಟ ಇದೆ, ಈಗ ಗಾಲ್ಫ್ ಕೋರ್ಸ್ ಇರೋ ಅಲ್ಲಿ ಮೊದಲು ಕೆರೆ ಇತ್ತು. ಕಾರ್ಡ್ ಬರೀಬೇಕೋ ಬೇಡವೋ ಅನ್ನೋದಕ್ಕಿಂತ ಮೊದಲು ಇದನ್ನ ಮಾತಾಡಿ.

ಜಯನಗರದವನು

ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಗಾಲ್ಫ್ ಆಡೋರನ್ನ ಮಾತ್ರ ಯಾಕೆ ಕೇಳ್ತೀರಿ?

ಕೆರೆ ಕಾವಲು

ಅವರನ್ನೂ ಕೇಳ್ತೀನಿ. ಒಂದು ತಪ್ಪು ಇನ್ನೊಂದು ತಪ್ಪಿಗೆ ಸಮರ್ಥನೆ ಆಗಲ್ಲ.

ಇಬ್ಬನಿ ಗೆರೆ

ಕೆರೆ ಕಾವಲು ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾವಾಡುವ ಕೋರ್ಸ್‌ನಲ್ಲಿ ಸಂಸ್ಕರಿಸಿದ ನೀರು ಬಳಸ್ತಾರೆ. ಹಾಗಂತ ಅಲ್ಲಿಗೆ ಮಾತು ಮುಗೀತು ಅನ್ನಲ್ಲ. ಆ ಬೇಸಿಗೆಯಲ್ಲಿ ಟೀಗೂ ಗ್ರೀನ್‌ಗೂ ನಡುವಿನ ಫೇರ್‌ವೇಗೆ ನೀರು ನಿಲ್ಲಿಸಿ, ಗ್ರೀನ್ ಮತ್ತು ಟೀ ಮಾತ್ರ ಉಳಿಸಿಕೊಳ್ಳಿ ಅಂತ ನಾವು ಕೆಲವರು ಬರೆದು ಕೊಟ್ಟಿದ್ವಿ. ಫೇರ್‌ವೇ ಕಂದು ಬಣ್ಣಕ್ಕೆ ತಿರುಗಿತು. ಆಡೋಕೆ ಏನೂ ತೊಂದರೆ ಆಗಲಿಲ್ಲ, ಒಣ ನೆಲದ ಮೇಲೆ ಚೆಂಡು ಇನ್ನೂ ಮುಂದೆ ಉರುಳುತ್ತೆ. ಸ್ಕಾಟ್ಲೆಂಡ್‌ನ ಸಮುದ್ರ ದಂಡೆಯಲ್ಲಿ ಈ ಆಟ ಬೆಳೆದದ್ದೇ ಅಂಥ ಗಟ್ಟಿ ನೆಲದ ಮೇಲೆ. ಟಿವಿಯಲ್ಲಿ ಕಾಣೋ ಕಡುಹಸಿರು ಆಟಕ್ಕೆ ಬೇಕಾದದ್ದಲ್ಲ, ಕಣ್ಣಿಗೆ ಬೇಕಾದದ್ದು. ಆಡುವವರೇ ಇದನ್ನ ಗಟ್ಟಿಯಾಗಿ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ಕೆರೆ ಕಾವಲು

ಇಷ್ಟು ನೇರವಾಗಿ ಒಪ್ಪಿಕೊಂಡಿದ್ದಕ್ಕೆ ಸಂತೋಷ. ಮುಂದುವರಿಸಿ.

ದಂಡು ಪ್ರದೇಶ

ಕಂದು ಬಣ್ಣ ಅಂದಾಗ ನೆನಪಾಯ್ತು. ನಮ್ಮ ತಂದೆ ಸೇನೆಯಲ್ಲಿದ್ರು. ನಾನು ಕಲಿತದ್ದು ಹುಲ್ಲಿನ ಗ್ರೀನ್ ಮೇಲಲ್ಲ, ಬ್ರೌನ್ಸ್ ಮೇಲೆ. ಮರಳಿಗೆ ಎಣ್ಣೆ ಬೆರೆಸಿ ಗುಂಡಗೆ ಹಾಸಿರೋರು. ಪಟ್ ಮಾಡೋ ಮೊದಲು ಹೆಜ್ಜೆ ಗುರುತು ಹೋಗಲಿ ಅಂತ ಹುಡುಗ ಒಬ್ಬ ಚಾಪೆ ಎಳ್ಕೊಂಡು ಹೋಗೋನು. ಆ ಗರಗರ ಸದ್ದು ಈಗಲೂ ಕಿವಿಯಲ್ಲಿದೆ. ಚೆಂಡಿಗೆ ಎಣ್ಣೆ ಮೆತ್ತಿಕೊಂಡು ಅಂಗೈಯೆಲ್ಲ ಕಪ್ಪಾಗೋದು, ಅಮ್ಮ ಬೈಯೋರು. ಅಲ್ಲಿ ಇಳಿಜಾರು ಅಂತ ಇರ್ತಿರಲಿಲ್ಲ, ನೇರ ಪಟ್ ಮಾಡೋದಷ್ಟೇ. ಆಮೇಲೆ ಹುಲ್ಲಿಗೆ ಬಂದಾಗ ಪಟ್ ಮಾಡೋದನ್ನ ಮೊದಲಿಂದ ಕಲೀಬೇಕಾಯ್ತು.

ಮಲ್ಲೇಶ್ವರಂ ಮಾಮ

ನಮ್ಮ ಸ್ಯಾಂಕಿ ರಸ್ತೆ ಪಕ್ಕದ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಕಬ್ಬನ್ ಪಾರ್ಕಿನ ವಯಸ್ಸಿಗೆ ಹತ್ತಿರ. ಊರಿನ ನಡುವೆ ಅಷ್ಟು ಮರ ಉಳಿದಿರೋದೇ ದೊಡ್ಡದು.

ಹಳೇ ಏರ್‌ಪೋರ್ಟ್ ಕಾಲದಲ್ಲಿ ಚಲ್ಲಘಟ್ಟದ ಕಡೆ ಆಡಿದವರು ಯಾರಾದ್ರೂ ಇದ್ದೀರಾ? ಕರೆಕ್ಟಾಗಿ ಪಟ್ ಮಾಡೋ ಹೊತ್ತಿಗೆ ತಲೆ ಮೇಲೆ ವಿಮಾನ ಇಳಿಯೋದು. 2008ರಲ್ಲಿ ಏರ್‌ಪೋರ್ಟ್ ದೇವನಹಳ್ಳಿಗೆ ಹೋದ ಮೇಲೆ ಒಂದಷ್ಟು ದಿನ ಆ ನಿಶ್ಶಬ್ದದಲ್ಲಿ ನನಗೆ ಪಟ್ ಮಾಡೋಕೇ ಆಗ್ತಿರಲಿಲ್ಲ.

ಚಲ್ಲಘಟ್ಟದ ಹುಡುಗ

ಹೌದು ಸಾರ್. ವಿಮಾನ ಬಂತು ಅಂದ್ರೆ ಸಾಹೇಬರಿಗೆ ಕಾಯಿರಿ ಅಂತ ಕೈ ತೋರಿಸ್ತಿದ್ವಿ.

ಹದಿನಾಲ್ಕು ಕೋಲು

ವಿಷಯಕ್ಕೆ ವಾಪಸ್ ಬರ್ತೀನಿ. ಕ್ಯಾಡಿ ಅಣ್ಣ ಹೇಳಿದ್ದು ನನ್ನನ್ನ ರಾತ್ರಿಯಿಡೀ ಕಾಡಿತು. ಕಾರ್ಡ್ ಹಟದಿಂದ ಮೋಸ ಹುಟ್ಟುತ್ತೆ ಅಂದ್ರು. ನಿಜ ಇರಬಹುದು. ಆದ್ರೆ ಪ್ರಾಮಾಣಿಕತೆ ಹುಟ್ಟೋದೂ ಅಲ್ಲೇ.

ನನ್ನದೇ ಅನುಭವ ಹೇಳ್ತೀನಿ. ಏಳು ವರ್ಷದ ಹಿಂದೆ, ಕ್ಲಬ್ಬಿನ ತಿಂಗಳ ಮೆಡಲ್ (ಹೊಡೆತ ಕೂಡಿಸೋ ಸ್ಪರ್ಧೆ), ಹದಿನಾರನೇ ಹೋಲ್. ಅವತ್ತಿನವರೆಗೆ ನಾನು 80ರ ಕೆಳಗೆ ಬಂದಿರಲಿಲ್ಲ. ಅವತ್ತು ಬರೋ ಹಾಗಿತ್ತು. ಬಲಗಡೆ ರಫ್‌ನಲ್ಲಿ ಚೆಂಡು ಒಣ ಎಲೆ ಪಕ್ಕ ಕೂತಿತ್ತು. ಎಲೆ ತೆಗೆದೆ, ಚೆಂಡು ಅಲುಗಿತು. ಒಂದು ರಾಗಿ ಕಾಳಿನಷ್ಟು ಕೆಳಗೆ ಕೂತ್ಕೊಂಡಿತು. ಯಾರೂ ನೋಡಲಿಲ್ಲ. ಕ್ಯಾಡಿ ಗ್ರೀನ್ ಹತ್ತಿರ ಇದ್ದ. ಚೆಂಡನ್ನ ಮೊದಲಿನ ಜಾಗಕ್ಕೆ ಇಟ್ಟು, ಕೈ ಎತ್ತಿ, "ಒಂದು ಪೆನಾಲ್ಟಿ ನನಗೆ" ಅಂತ ಕೂಗಿದೆ. 80ಕ್ಕೆ ಮುಗಿಸಿದೆ. 79 ಇವತ್ತಿಗೂ ಆಗಿಲ್ಲ. ಆದ್ರೆ ನನ್ನ ಗಾಲ್ಫ್ ಜೀವನದಲ್ಲಿ ಮಕ್ಕಳಿಗೆ ಹೇಳಬಹುದಾದ ದಿನ ಯಾವುದು ಅಂದ್ರೆ ಅದೇ. ಜೀವನಪೂರ್ತಿ ಹವ್ಯಾಸಿಯಾಗೇ ಆಡಿದ ಬಾಬಿ ಜೋನ್ಸ್ 1925ರ ಯುಎಸ್ ಓಪನ್‌ನಲ್ಲಿ ಚೆಂಡು ಅಲುಗಿತು ಅಂತ ತನಗೆ ತಾನೇ ಪೆನಾಲ್ಟಿ ಹಾಕ್ಕೊಂಡು, ಕೊನೆಗೆ ಪ್ಲೇ ಆಫ್‌ನಲ್ಲಿ ಸೋತ ಕಥೆ ಓದಿಯೇ ನನಗೆ ಈ ಆಟದ ಹುಚ್ಚು ಹಿಡಿದಿದ್ದು.

ಕಾರ್ಡ್ ಇಲ್ಲದಿದ್ರೆ ಅವತ್ತು ಆ ಚೆಂಡು ಅಲುಗಿದ್ದಕ್ಕೆ ಏನು ಬೆಲೆ ಇರ್ತಿತ್ತು ಸರ್? ಸುಮ್ಮನೆ ಹೊಡೆದು ಮುಂದೆ ಹೋಗ್ತಿದ್ದೆ.

ಇಬ್ಬನಿ ಗೆರೆ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಯೋಚನೆ ಮಾಡ್ತೀನಿ.

ಬಸವನಗುಡಿ ಬೈ ಟೂ

ನಾನು ಗಾಲ್ಫ್ ಆಡಿದವಳಲ್ಲ, ನೋಡಿದ್ದು ಒಂದೇ ದಿನ. 2021ರ ಆಗಸ್ಟ್ 7, ಶನಿವಾರ ಬೆಳಿಗ್ಗೆ, ಟೋಕಿಯೋ ಒಲಿಂಪಿಕ್ಸ್. ಅದಿತಿ ಅಶೋಕ್ ಆಡ್ತಿದ್ದಾಳೆ, ನಮ್ಮ ಬೆಂಗಳೂರು ಹುಡುಗಿ, ಪದಕ ಬರಬಹುದು ಅಂತ ಯಜಮಾನರು ಎಬ್ಬಿಸಿದ್ರು. ಬರ್ಡಿ ಅಂದ್ರೇನು ಅಂತ ಟಿವಿ ಮುಂದೆ ಕೂತೇ ಕೇಳಿ ತಿಳ್ಕೊಂಡೆ. ಮಧ್ಯ ಮಳೆ ಗುಡುಗಿಗೆ ಆಟ ನಿಂತಾಗ ಇಡ್ಲಿ ಒಲೆ ಮೇಲಿಟ್ಟು, ಮತ್ತೆ ಶುರುವಾದಾಗ ಮರೆತೇಬಿಟ್ಟೆ. ತಾಯಿಯೇ ಚೀಲ ಹೊತ್ತು ಜೊತೆಗಿದ್ದಿದ್ದು ನೋಡಿ ಮನಸ್ಸು ತುಂಬಿ ಬಂತು. ಒಂದೇ ಒಂದು ಹೊಡೆತದಲ್ಲಿ ಕಂಚು ಹೋಯ್ತು. ನಾಲ್ಕನೇ ಸ್ಥಾನ.

ಅವತ್ತು ಲೆಕ್ಕ ಇಲ್ದೇ ಇದ್ದಿದ್ರೆ ಆಡೋದೇ ಗೊತ್ತಿಲ್ಲದ ನಾನು ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂರ್ತಿದ್ನಾ?

ಹೊಸಬಳು

ಅಕ್ಕಾ, ನಾನು ಕೋಲು ಹಿಡಿದಿದ್ದೇ ಆ ದಿನದ ನೆನಪಿನಿಂದ. ಅದಿತಿ ದೂರ ಹೊಡೆಯುವವರ ಪೈಕಿ ಅಲ್ಲ. ಪಟರ್ ಹಿಡಿದೇ ಅಲ್ಲಿವರೆಗೆ ಹೋದ್ರು. ನನ್ನಂಥ ಸಣ್ಣ ಮೈಯವರಿಗೆ ಅದು ಎಷ್ಟು ದೊಡ್ಡ ಧೈರ್ಯ ಗೊತ್ತಾ.

ಬಿಡದಿ ಕಡೆಯವ

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಬಂತಲ್ಲ ಮೇಡಂ. ಆ ಕಂಚಿನ ನೋವು ಸ್ವಲ್ಪ ಹೋಯ್ತು.

ಹದಿನಾಲ್ಕು ಕೋಲು

ಅದರಲ್ಲೂ ಕೊನೇ ದಿನ ಏಳು ಹೊಡೆತ ಮುಂದಿದ್ದು ಚಿನ್ನ ಕೈತಪ್ಪಿತು. 77 ಬಂತು. ಆಮೇಲೂ ಮತ್ತೆ ವೃತ್ತಿಪರ ಟೂರ್‌ನಲ್ಲಿ ಆಡಬೇಕಾದವರು ಅವರು. ಕಾರ್ಡ್‌ನ ಭಾರ ಏನು ಅಂತ ಅವರನ್ನ ಕೇಳಬೇಕು.

ಮೂಳೆ ಡಾಕ್ಟರು

ವೃತ್ತಿಯ ಕಾರಣಕ್ಕೆ ಬರೀತಿದ್ದೀನಿ. ಮಂಡಿ ಆಪರೇಷನ್ ಆದವರು ಕಾರ್ಟ್‌ನಲ್ಲೇ ಕೂತು ಆಡಿದರೆ ಮೈ ಬಿಗಿಯುತ್ತೆ, ಆಮೇಲೆ ಥಟ್ಟನೆ ಎದ್ದು ಬೀಸಿದರೆ ಮಂಡಿಗೂ ಸೊಂಟಕ್ಕೂ ಪೆಟ್ಟು. ನಿಮ್ಮ ಡಾಕ್ಟರು ಒಪ್ಪಿದರೆ ಸಮತಟ್ಟು ಜಾಗದಲ್ಲಿ ನಡೀರಿ, ಏರು ಇಳುಕಲಿನಲ್ಲಿ ಕಾರ್ಟ್ ಹತ್ತಿ. ಬಲಗೈ ಆಟಗಾರರಿಗೆ ಬೀಸಿನ ಕೊನೆಯಲ್ಲಿ ಮೈಭಾರ ಎಲ್ಲ ಎಡ ಮಂಡಿ ಮೇಲೆ ತಿರುಗುತ್ತೆ. ನಿಲ್ಲುವಾಗ ಎಡ ಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಇಟ್ಟರೆ ಮಂಡಿಗೆ ಬೀಳುವ ತಿರುಚು ಕಮ್ಮಿ ಆಗುತ್ತೆ.

ಇಬ್ಬನಿ ಗೆರೆ

ಡಾಕ್ಟರೇ, ಪಾದ ಹೊರಕ್ಕೆ ಇಡೋದು ನನ್ನ ಫಿಸಿಯೋ ಕೂಡ ಹೇಳಿದ್ರು. ನಿಜಕ್ಕೂ ನೋವು ಕಮ್ಮಿ ಇದೆ. ಡ್ರೈವ್ ಹತ್ತು ಹನ್ನೆರಡು ಗಜ ಕಡಿಮೆಯಾಗಿದೆ, ಪರವಾಗಿಲ್ಲ.

ಕೆಂಗೇರಿ ಗುರು

ಗುರು ಬೆಂಗಳೂರಲ್ಲಿ ಚೆಂಡು ದೂರ ಹೋಗುತ್ತೆ ಅಂತಾರಲ್ಲ, ನಿಜಾನಾ? ನಮ್ಮ ಕಸಿನ್ ಚೆನ್ನೈಲಿ ಆಡಿ ಬಂದು ನಂಗೆ 7 ಐರನ್ ಸಾಕಾಗಲ್ಲ ಅಂತ ಅಳ್ತಿದ್ದ.

ನಿಯಮದ ಪುಸ್ತಕ

ನಿಜ. ನಾವು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದ್ದೀವಿ. ಗಾಳಿ ತೆಳು, ಚೆಂಡಿಗೆ ತಡೆ ಕಮ್ಮಿ. ಕರಾವಳಿಗೋ ಚೆನ್ನೈಗೋ ಹೋದಾಗ ಒಂದು ಕೋಲು ಹೆಚ್ಚು ತಗೊಳ್ಳಿ, ಅಂದ್ರೆ 7 ಐರನ್ ಬದಲು ಇನ್ನೂ ದೂರ ಹೋಗೋ 6 ಐರನ್.

ನಾಗರಭಾವಿ ನೈನ್

ಕಾರ್ಡೂ ಇರಲಿ, ನೆಮ್ಮದಿಯೂ ಇರಲಿ ಅಂದ್ರೆ ಒಂದು ದಾರಿ ಇದೆ. ಯಾರೂ ಯಾಕೆ ಹೇಳ್ತಿಲ್ಲ? ಸ್ಟೇಬಲ್‌ಫೋರ್ಡ್ ಆಡಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹೊಡೆತ ಕೂಡಿಸೋದಲ್ಲ, ಪಾಯಿಂಟ್ ಕೂಡಿಸೋದು. ಹ್ಯಾಂಡಿಕ್ಯಾಪ್ 18 ಇರೋರಿಗೆ ಹೋಲ್‌ಗೆ ಒಂದು ಹೊಡೆತ ರಿಯಾಯಿತಿ. ಪಾರ್ 4ರಲ್ಲಿ 5 ಹೊಡೆದ್ರೆ 2 ಪಾಯಿಂಟ್, 6ಕ್ಕೆ 1, 4ಕ್ಕೆ 3. 7 ಆಯ್ತು ಅಂದ್ರೆ ಸೊನ್ನೆ, ಚೆಂಡು ಎತ್ಕೊಂಡು ಜೇಬಿಗೆ ಹಾಕಿ ಮುಂದಿನ ಹೋಲ್‌ಗೆ ನಡೆದುಬಿಡಿ. ಬಂಕರ್‌ನಲ್ಲಿ ಆರು ಸಲ ಮರಳು ಹಾರಿಸಿ 11 ಬರೆಯೋ ಅವಮಾನ ಇಲ್ಲ. 36 ಪಾಯಿಂಟ್ ಬಂದ್ರೆ ನಿಮ್ಮ ಹ್ಯಾಂಡಿಕ್ಯಾಪ್‌ಗೆ ತಕ್ಕ ಹಾಗೆ ಆಡಿದ್ರಿ ಅಂತ ಅರ್ಥ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಅನ್ನೋ ಇಂಗ್ಲೆಂಡಿನ ಡಾಕ್ಟರು ಇದನ್ನ ಮಾಡಿದ್ದೇ ಶುರುವಿನ ಒಂದೆರಡು ಹೋಲ್ ಕೆಟ್ಟಿತು ಅಂತ ಜನ ಆಟ ಕೈಬಿಡಬಾರದು ಅಂತ. ವ್ಯಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಸ್ಪರ್ಧೆ ನಡೆಸಿದ್ರು.

ಹದಿನಾಲ್ಕು ಕೋಲು

ಸ್ಟೇಬಲ್‌ಫೋರ್ಡ್ ಕಾರ್ಡನ್ನ ಹ್ಯಾಂಡಿಕ್ಯಾಪ್‌ಗೂ ಕೊಡಬಹುದು. ಅದಕ್ಕೆ ನನ್ನ ವಿರೋಧ ಇಲ್ಲ. ಮೆಡಲ್ ಆಟದಲ್ಲೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಒಂದು ಹೋಲ್‌ಗೆ ನೆಟ್ ಡಬಲ್ ಬೋಗಿಗಿಂತ (ರಿಯಾಯಿತಿ ಕಳೆದ ಮೇಲೆ ಪಾರ್‌ಗಿಂತ ಎರಡು ಹೊಡೆತ) ಹೆಚ್ಚು ತಗೊಳ್ಳಲ್ಲ. ಒಂದು ಕೆಟ್ಟ ಹೋಲ್‌ಗೆ ಆಕಾಶ ಕಳಚಿ ಬೀಳಲ್ಲ. ಇದನ್ನ ಜನ ತಿಳ್ಕೊಂಡ್ರೆ ಅರ್ಧ ಭಯ ಹೋಗುತ್ತೆ.

ಮಲ್ಲೇಶ್ವರಂ ಮಾಮ

ಒಂದು ಮಾತು ಕೇಳಲಾ? ನಿಮ್ಮ ಗೆಳೆಯರಿಗೆ ಸಿಟ್ಟು ಬಂದಿದ್ದು ಕಾರ್ಡ್‌ಗಲ್ಲ ಅನ್ಸುತ್ತೆ. ಹತ್ತೊಂಬತ್ತು ವರ್ಷ ಅವರು ನಿಮ್ಮ ಎದುರು ಆಡಿದಾರೆ. ನೀವು ಕಾರ್ಡ್ ಬಿಟ್ರಿ ಅಂದ್ರೆ ಅವರಿಗೆ ಎದುರಾಳಿ ಹೋದ. ನೀವು ಇಬ್ಬನಿ ನೋಡ್ಕೊಂಡು ಸುಖವಾಗಿದ್ದೀರಿ, ಅವರು ಒಬ್ಬರೇ ಆಡ್ತಿದ್ದಾರೆ. ನನ್ನ ಜೊತೆಯವರು ಒಬ್ಬೊಬ್ಬರಾಗಿ ಹೋದ ಮೇಲೆ ನನಗೆ ಇದು ಗೊತ್ತಾಯ್ತು. ನನ್ನ ಫೋರ್‌ಬಾಲ್‌ನಲ್ಲಿ ಈಗ ಉಳಿದಿರೋನು ನಾನೊಬ್ಬನೇ.

ಚಲ್ಲಘಟ್ಟದ ಹುಡುಗ

ಮಾಮ ಸರಿಯಾಗಿ ಹೇಳಿದ್ರು. ಜೋಡಿಯಾಗಿ ಆಡೋ ಸಾಹೇಬರಲ್ಲಿ ಒಬ್ಬರು ಬರದಿದ್ರೆ ಇನ್ನೊಬ್ಬರ ಬೀಸು ಮೊದಲ ಹೋಲ್‌ನಲ್ಲೇ ಬೇರೆ ಥರ ಇರೋದು. ಕೇಳಬೇಕಾಗೇ ಇರಲಿಲ್ಲ.

ಹೊಸಬಳು

ಮಾಮ, ನಿಮಗೆ ಜೊತೆ ಬೇಕಾದ್ರೆ ನಾನು ಬರ್ತೀನಿ. ಮುಂದಿನ ಟೀಯಿಂದಲೇ ಆಡ್ತೀನಿ.

ಮಲ್ಲೇಶ್ವರಂ ಮಾಮ

ಬಾರಮ್ಮ. ಗುರುವಾರ ಬೆಳಿಗ್ಗೆ. ಗ್ರೀನ್ ಮೇಲೆ ಚೆಂಡು ಬಿದ್ದ ಗುಂಡಿ ಮುಚ್ಚೋದು ಮೊದಲು ಕಲಿಸ್ತೀನಿ. ತುಂಬಾ ಜನ ಫೋರ್ಕ್ ಹಾಕಿ ಕೆಳಗಿಂದ ಮೇಲಕ್ಕೆ ಮೀಟ್ತಾರೆ, ಬೇರು ಕಿತ್ತು ಹುಲ್ಲು ಸಾಯುತ್ತೆ. ಅಂಚಿನಿಂದ ನಡುವಿಗೆ ಒತ್ತಬೇಕು, ಆಮೇಲೆ ಪಟರ್ ತಳದಿಂದ ತಟ್ಟಬೇಕು.

ಕೆಂಗೇರಿ ಗುರು

ಆಟ ಮುಗಿದ್ಮೇಲೆ ಮಲ್ಲೇಶ್ವರದಲ್ಲಿ ಬೆಣ್ಣೆ ದೋಸೆ ತಿನ್ಸಿ ಮಾಮ.

ಇಬ್ಬನಿ ಗೆರೆ

ಒಂದು ವಾರದ ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಮಾಮ ಬರೆದದ್ದನ್ನ ನಾಲ್ಕೈದು ಸಲ ಓದಿದೆ. ಸಂಜೆ ಅವನ ಮನೆಗೆ ಹೋದೆ. ಬಾಗಿಲು ತೆಗೆದವನು ಮಾತಾಡಲಿಲ್ಲ, ಒಳಗೆ ಹೋಗಿ ಒಂದು ಶೂ ಡಬ್ಬಿ ತಂದಿಟ್ಟ. ಅದರೊಳಗೆ ನಾವಿಬ್ಬರೂ ಆಡಿದ ಕಾರ್ಡ್‌ಗಳು. ಬರೀ ತನ್ನದಲ್ಲ, ನನ್ನವೂ. ನಾನು ಕ್ಲಬ್ ಹೌಸ್ ಮೇಜಿನ ಮೇಲೆ ಬಿಟ್ಟು ಬಂದದ್ದನ್ನೆಲ್ಲ ಎತ್ತಿಟ್ಟುಕೊಂಡಿದ್ದಾನೆ. ಕೆಲವು ಮಳೆಗೆ ನೆನೆದು ಶಾಯಿ ಹರಡಿವೆ. ಒಂದರ ಹಿಂದೆ ನನ್ನ ಅಕ್ಷರದಲ್ಲೇ ಒಂದು ಸಾಲು ಇತ್ತು: "ಮಗಳಿಗೆ ಸೀಟ್ ಸಿಕ್ತು, 14ರಲ್ಲಿ ಫೋನ್ ಬಂತು." ಆ ಹೋಲ್‌ನಲ್ಲಿ 8 ಹೊಡೆದಿದ್ದೆ. ನನಗೆ ಮರೆತೇ ಹೋಗಿತ್ತು.

ನಾನು ಇಬ್ಬನಿ ಗೆರೆಯ ವಿಷಯ ಹೇಳಿದೆ. ಈವರೆಗೆ ಅವನಿಗೆ ಅದನ್ನ ಹೇಳೇ ಇರಲಿಲ್ಲ, ಕಾರ್ಡ್ ಬೇಡ ಅಂತ ಮಾತ್ರ ಹೇಳಿದ್ದೆ. ಅವನು ಸುಮ್ಮನೆ ಕೇಳಿದ. ಆಮೇಲೆ, "ಅದೇ ಗ್ರೀನ್ ಎಡಕ್ಕೆ ತಿರುಗುತ್ತೆ ಅಂತ 2011ರಿಂದ ಹೇಳ್ತಾ ಇದ್ದೀನಿ" ಅಂದ.

ನಾಳೆ ಶನಿವಾರ ಆಡ್ತಿದ್ದೀವಿ. ಸ್ಟೇಬಲ್‌ಫೋರ್ಡ್. ಕಾರ್ಡ್ ಅವನ ಜೇಬಿನಲ್ಲಿರುತ್ತೆ, ಪ್ರತಿ ಹೋಲ್‌ಗೂ ಬರೀತಾನೆ, ಆದ್ರೆ ಆಟ ಮುಗಿಯೋವರೆಗೂ ಮೊತ್ತ ಹೇಳಲ್ಲ ಅಂತ ಒಪ್ಪಂದ. ನನ್ನ ಚೆಂಡು ಅಲುಗಿದರೆ ನಾನೇ ಕೂಗ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಹದಿನಾಲ್ಕು ಕೋಲು ಅವರೇ, ಅದು ನಿಮ್ಮಿಂದ ಬಂದದ್ದು.

ಹದಿನಾಲ್ಕು ಕೋಲು

ಸರ್, ಆ ಡಬ್ಬಿ ವಿಷಯ ಓದಿ ಮಾತು ಬರ್ತಿಲ್ಲ. ನಾಳೆ ಚೆನ್ನಾಗಿ ಆಡಿ.

ನಾಗರಭಾವಿ ನೈನ್

ಪಾಯಿಂಟ್ ಎಷ್ಟಾಯ್ತು ಅಂತ ಇಲ್ಲಿ ಹಾಕ್ಲೇಬೇಕು ಸರ್.

ಇಬ್ಬನಿ ಗೆರೆ

ಅವನನ್ನ ಕೇಳಿ ಹಾಕ್ತೀನಿ.